ಬಾರಾಟಾಂಗ್ ಒಂದು ದಿನದ ಟ್ರಿಪ್: 68ರ ಅಮ್ಮನನ್ನು ಕರೆದುಕೊಂಡು ಹೋಗಬಹುದಾ? ಜಾರವಾ ಕಾಡಿನ ದಾರಿ ಬಗ್ಗೆಯೂ ಹೇಳಿ

ಜಯನಗರದ ಅಕ್ಕ (ಜನವರಿ 3, ರಾತ್ರಿ 9.40)

ಎಲ್ಲರಿಗೂ ನಮಸ್ಕಾರ. ಈ ತಿಂಗಳ ಕೊನೆಗೆ ಅಂಡಮಾನ್‌ಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ಹತ್ತು ವರ್ಷದ ಮಗ, ಜೊತೆಗೆ ನಮ್ಮಮ್ಮ. ಅಮ್ಮನಿಗೆ 68. ಮಂಡಿ ನೋವಿದೆ. ಆದರೂ ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕದೆ ಕಾಫಿ ಕುಡಿಯುವುದಿಲ್ಲ.

ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಒಂದು ದಿನ ಪೂರ್ತಿ ಬಾರಾಟಾಂಗ್ ದ್ವೀಪ ಅಂತ ಇದೆ. ಬೆಳಗಿನ ಜಾವ 3 ಗಂಟೆಗೆ ಹೋಟೆಲ್ ಬಿಡಬೇಕಂತೆ. ಸುಣ್ಣಕಲ್ಲಿನ ಗುಹೆ, ಕೆಸರಿನ ಜ್ವಾಲಾಮುಖಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ದೋಣಿ, ಸಂಜೆ ವಾಪಸ್. ಅಷ್ಟು ದೂರ ಹೋಗಿ ಬರುವುದು ಅಮ್ಮನಿಗೆ ಆಗುತ್ತಾ? ಗುಹೆಗೆ ಎಷ್ಟು ನಡೆಯಬೇಕು?

ಇನ್ನೊಂದು ವಿಷಯ. ಏಜೆಂಟ್ ಫೋನಿನಲ್ಲಿ 'ಅದೃಷ್ಟ ಇದ್ರೆ ದಾರಿಯಲ್ಲಿ ಜಾರವಾ ಜನ ಕಾಣಿಸ್ತಾರೆ ಮೇಡಂ' ಅಂದರು. ಅವರು ಆ ಕಾಡಿನ ಆದಿವಾಸಿಗಳಂತೆ. ಬಂಡೀಪುರದಲ್ಲಿ ಹುಲಿ ಬಗ್ಗೆ ಹೇಳುತ್ತಾರಲ್ಲ, ಅದೇ ಧಾಟಿ. ಆ ಮಾತು ಕೇಳಿದಾಗಿನಿಂದ ಮನಸ್ಸಿಗೆ ಒಂಥರಾ ಆಗಿದೆ. ಹೋಗಿ ಬಂದವರು ದಯವಿಟ್ಟು ಹೇಳಿ.


ದ್ವೀಪದಲ್ಲಿದ್ದವಳು (ಜನವರಿ 3, ರಾತ್ರಿ 10.25)

ಅಕ್ಕಾ, ನಾನು ಪೋರ್ಟ್ ಬ್ಲೇರ್‌ನಲ್ಲಿ ಆರು ವರ್ಷ ಇದ್ದೆ. ಈಗ ಅದರ ಹೆಸರು ಶ್ರೀ ವಿಜಯಪುರಂ, 2024ರಲ್ಲಿ ಬದಲಾಯಿತು. ಬಾಯಿಗೆ ಹಳೆಯದೇ ಬರುತ್ತದೆ. ಊರಿಂದ ಯಾರೇ ನೆಂಟರು ಬಂದರೂ ಬಾರಾಟಾಂಗ್‌ಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಹತ್ತು ಸಲವಾದರೂ ಹೋಗಿದ್ದೇನೆ.

ಮೊದಲು 3 ಗಂಟೆ ಯಾಕೆ ಅಂತ ಹೇಳುತ್ತೇನೆ. ಬಾರಾಟಾಂಗ್ ಅಲ್ಲಿಂದ ಸುಮಾರು 100 ಕಿ.ಮೀ. ನಡುವೆ ಜಿರ್ಕಾಟಾಂಗ್ ಅನ್ನುವ ಚೆಕ್‌ಪೋಸ್ಟ್ ಬರುತ್ತದೆ. ಅಲ್ಲಿಂದ ಮುಂದೆ ಜಾರವಾ ಜನರ ಮೀಸಲು ಕಾಡು. ನಮಗೆ ಬೇಕಾದ ಹೊತ್ತಿಗೆ ಅದರೊಳಗೆ ಹೋಗುವ ಹಾಗಿಲ್ಲ. ದಿನಕ್ಕೆ ಕೆಲವು ಸಲ ಮಾತ್ರ ಗೇಟು ತೆಗೆಯುತ್ತಾರೆ. ಗಾಡಿಗಳೆಲ್ಲ ಒಂದರ ಹಿಂದೆ ಒಂದು ಸಾಲಾಗಿ ಹೋಗಬೇಕು, ಹಿಂದೆ ಮುಂದೆ ಪೊಲೀಸರ ಗಾಡಿ. ಕಾನ್ವಾಯ್ ಅನ್ನುತ್ತಾರೆ. ನಾನಿದ್ದಾಗ ಮೊದಲನೆಯದು ಬೆಳಿಗ್ಗೆ 6ಕ್ಕೆ, ಆಮೇಲಿನದು 9ಕ್ಕೆ. 6ರದ್ದು ಸಿಗಬೇಕಾದರೆ 4.30ರ ಒಳಗೆ ಸಾಲಿನಲ್ಲಿ ನಿಂತಿರಬೇಕು. ಎಲ್ಲರ ಗುರುತಿನ ಚೀಟಿ ತೋರಿಸಿ ಫಾರಂ ತುಂಬಬೇಕು, ಡ್ರೈವರ್ ಮಾಡಿಕೊಡುತ್ತಾರೆ. ಅಲ್ಲಿಯ ಚಿಕ್ಕ ಹೋಟೆಲುಗಳಲ್ಲಿ ಬಿಸಿ ಇಡ್ಲಿ, ವಡೆ, ಚಹಾ ಸಿಗುತ್ತದೆ. ಶೌಚಾಲಯವೂ ಇದೆ. ಅಮ್ಮನಿಗೆ ಅಲ್ಲೇ ಹೋಗಿ ಬರಲು ಹೇಳಿ. ಮುಂದೆ ಕಾಡಿನಲ್ಲಿ ಸುಮಾರು 50 ಕಿ.ಮೀ. ಎಲ್ಲೂ ಗಾಡಿ ನಿಲ್ಲಿಸುವುದಿಲ್ಲ.

ಕಾಡು ದಾಟಿದರೆ ಮಿಡಲ್ ಸ್ಟ್ರೈಟ್. ಅಲ್ಲಿ ದೊಡ್ಡ ಫೆರ್ರಿ. ಬಸ್ಸು, ಲಾರಿ, ಜನ ಎಲ್ಲ ಒಟ್ಟಿಗೆ ಹತ್ತಿ ಆಚೆ ದಡದ ನೀಲಾಂಬೂರ್ ಜೆಟ್ಟಿಗೆ ಹೋಗುತ್ತಾರೆ. ಹಳೇ ಸಿಗಂದೂರು ಲಾಂಚ್ ನೋಡಿದವರಿಗೆ ಹೊಸದೇನೂ ಅನಿಸುವುದಿಲ್ಲ, ನೀರು ಮಾತ್ರ ಉಪ್ಪು. ಅಲ್ಲಿಂದ ಸ್ಪೀಡ್ ಬೋಟ್. ಲೈಫ್ ಜಾಕೆಟ್ ಹಾಕಲೇಬೇಕು. ಅರ್ಧ ಗಂಟೆಯೊಳಗೆ ನಯಾಡೇರಾ ಅನ್ನುವ ಕಡೆ ಇಳಿಸುತ್ತಾರೆ. ಆಮೇಲೆ ಸುಮಾರು ಒಂದೂವರೆ ಕಿ.ಮೀ. ನಡಿಗೆ. ಮೊದಲು ಕಾಂಡ್ಲಾ ಕಾಡಿನ ನಡುವೆ ಮರದ ಹಲಗೆಯ ದಾರಿ, ಆಮೇಲೆ ಗದ್ದೆ ಬದು, ಕೊನೆಗೆ ಸ್ವಲ್ಪ ಏರು, ಬೇರು, ಕಲ್ಲು. ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕುವ ಅಮ್ಮ ನಿಧಾನವಾಗಿ ನಡೆಯಬಹುದು. ಕೈಯಲ್ಲೊಂದು ಕೋಲಿರಲಿ. ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಶೂ.

ಜಾರವಾ ವಿಷಯಕ್ಕೆ ಬೇರೆಯೇ ಬರೆಯುತ್ತೇನೆ. ಅದನ್ನು ಎರಡು ಸಾಲಿನಲ್ಲಿ ಮುಗಿಸಲು ನನಗೆ ಆಗುವುದಿಲ್ಲ.


ಕಲ್ಲು ಮೇಷ್ಟ್ರು (ಜನವರಿ 4, ಬೆಳಿಗ್ಗೆ 6.15)

ನಾನು ಪಿಯು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. 2016ರಲ್ಲಿ ಹೋಗಿದ್ದೆ. ಆ ಗುಹೆ ನೋಡುವ ಆಸೆ ಕೆಲಸಕ್ಕೆ ಸೇರಿದಾಗಿನಿಂದ ಇತ್ತು.

ಮೊದಲೇ ಒಂದು ಮಾತು. ಅದು ದೊಡ್ಡ ಗುಹೆಯಲ್ಲ. ಒಳಗೆ ಹೋಗಲು ಕಿರಿದಾದ ಸಂದು. ಬರಬರುತ್ತಾ ಎರಡೂ ಕಡೆಯ ಗೋಡೆ ಹತ್ತಿರವಾಗುತ್ತದೆ, ಕತ್ತಲೆ ಕವಿಯುತ್ತದೆ. ದೋಣಿಯ ಹುಡುಗನೇ ಗೈಡ್. ಟಾರ್ಚ್ ಬಿಟ್ಟು 'ಇದು ಆನೆ, ಇದು ಕಮಲ, ಇದು ಗಣಪತಿ' ಅನ್ನುತ್ತಾ ಹೋಗುತ್ತಾನೆ. ಅದನ್ನೂ ನೋಡಿ. ಆದರೆ ಒಂದು ಕಡೆ ಅವನನ್ನು ನಿಲ್ಲಿಸಿ, ಮೇಲಿಂದ ಇಳಿಬಿದ್ದ ಯಾವುದಾದರೂ ಕಲ್ಲಿನ ತುದಿಗೆ ಬೆಳಕು ಬಿಡಲು ಹೇಳಿ. ತುದಿಯಲ್ಲಿ ಒಂದು ಹನಿ ನೀರು ನಿಂತಿರುತ್ತದೆ. ಬೀಳುವುದಿಲ್ಲ, ಸುಮ್ನೆ ನಿಂತಿರುತ್ತದೆ. ಬೆಳಕು ಅದರೊಳಗೆ ಹೊಕ್ಕು ಹನಿ ಪೂರ್ತಿ ಹೊಳೆಯುತ್ತದೆ. ಉಸಿರು ಬಿಗಿಹಿಡಿದು ಕಾದರೆ ಕೊನೆಗೊಮ್ಮೆ ಟಪ್ ಅಂತ ಕೆಳಗಿನ ಕಲ್ಲಿನ ಮೇಲೆ ಬೀಳುತ್ತದೆ. ಕೆಳಗೂ ಅಲ್ಲೇ ಒಂದು ಮೊಳಕೆಯಂಥ ಕಲ್ಲು ಎದ್ದಿರುತ್ತದೆ. ಆ ಒಂದು ಹನಿಯೇ ಆ ಗುಹೆಯನ್ನು ಕಟ್ಟಿದ್ದು.

ಹೇಗೆ ಅಂದರೆ, ಮಳೆ ನೀರು ಮಣ್ಣಿನಲ್ಲಿ ಇಳಿಯುವಾಗ ಕಾರ್ಬನ್ ಡೈಆಕ್ಸೈಡ್ ಸೇರಿಸಿಕೊಂಡು ಸ್ವಲ್ಪ ಆಮ್ಲವಾಗುತ್ತದೆ. ಆ ನೀರು ಸುಣ್ಣಕಲ್ಲನ್ನು ಕರಗಿಸಿಕೊಂಡು ಸಂದುಗಳಲ್ಲಿ ಇಳಿಯುತ್ತದೆ. ಗುಹೆಯ ಗಾಳಿ ತಾಗಿದಾಗ ಆ ಅನಿಲ ಹೊರಗೆ ಹೋಗಿಬಿಡುತ್ತದೆ. ಆಗ ಕರಗಿದ ಸುಣ್ಣವನ್ನು ನೀರು ಹಿಡಿದಿಟ್ಟುಕೊಳ್ಳಲಾರದು, ಅಲ್ಲೇ ಕೂರಿಸಿ ಹೋಗುತ್ತದೆ. ನಮ್ಮ ಮನೆಗಳಲ್ಲಿ ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಸುಣ್ಣ. ಗುಹೆಯಲ್ಲಿ ಬೆಂಕಿಯಿಲ್ಲ, ಅದಕ್ಕೇ ಬಹಳ ನಿಧಾನ. ಒಂದು ಬೆರಳಿನಷ್ಟು ಬೆಳೆಯಲು ನೂರಾರು ವರ್ಷ ಬೇಕು.

ಹಾಗಾಗಿ ಮಗನಿಗೆ ಹೇಳಿ, ಮುಟ್ಟಬಾರದು. ನಮ್ಮ ಕೈಯ ಎಣ್ಣೆ ಜಿಡ್ಡು ಹತ್ತಿದರೆ ಸುಣ್ಣ ಅಲ್ಲಿ ಸರಿಯಾಗಿ ಕೂರುವುದಿಲ್ಲ, ಕಲ್ಲು ಕಪ್ಪಾಗುತ್ತದೆ. ಕೈಗೆಟಕುವ ಎತ್ತರದಲ್ಲಿ ಕಪ್ಪು ಕಲೆಗಳು, ಅದಕ್ಕಿಂತ ಮೇಲೆ ಹಾಲಿನ ಬಣ್ಣ. ನಾನು ಅದನ್ನು ಕಣ್ಣಾರೆ ನೋಡಿ ಬಂದೆ, ತುಂಬಾ ಬೇಜಾರಾಯಿತು.

ಯಾಣ ನೋಡಿದ್ದೀರಲ್ಲ? ಅಲ್ಲಿಯ ಕಪ್ಪು ಶಿಖರಗಳೂ ಸುಣ್ಣಕಲ್ಲೇ. ಅಲ್ಲಿ ನೀರು ಕಲ್ಲನ್ನು ಹೊರಗಿನಿಂದ ಕಡೆದಿದೆ, ಇಲ್ಲಿ ಒಳಗೆ ಕೂತು ಕಟ್ಟುತ್ತಿದೆ.


ಹೊನ್ನಾವರದ ಹುಡುಗ (ಜನವರಿ 4, ಬೆಳಿಗ್ಗೆ 8.50)

ಮೇಷ್ಟ್ರೇ, ಹನಿಯ ವಿಷಯ ಓದಿ ಮತ್ತೆ ಹೋಗಬೇಕು ಅನಿಸಿತು. ನಾವು ಹೋದಾಗ ಗೈಡ್ ಹತ್ತು ನಿಮಿಷದಲ್ಲಿ ಒಳಗೆ ಹೊರಗೆ ಮಾಡಿಸಿಬಿಟ್ಟ.

ನನಗೆ ಗುಹೆಗಿಂತ ಇಷ್ಟವಾದದ್ದು ಆ ದೋಣಿ ಪ್ರಯಾಣ. ನಾನು ಶರಾವತಿ ಅಳಿವೆಯಲ್ಲಿ ಬೆಳೆದವನು. ಕಾಂಡ್ಲಾ ನನಗೆ ಹೊಸದಲ್ಲ. ನಮ್ಮಲ್ಲಿ ಗಿಡ ಅನ್ನುತ್ತೇವೆ, ಅಲ್ಲಿ ಅವು ಮರಗಳು. ಮೊದಲು ಅಗಲವಾದ ಕಡಲ ಕಾಲುವೆಯಲ್ಲಿ ದೋಣಿ ಜೋರಾಗಿ ಹೋಗುತ್ತದೆ. ಆಮೇಲೆ ಒಂದು ತಿರುವಿನಲ್ಲಿ ವೇಗ ಇಳಿಸಿ ಸಣ್ಣ ಕಾಲುವೆಗೆ ನುಗ್ಗುತ್ತದೆ. ಎರಡೂ ದಡದ ಮರಗಳು ಮೇಲೆ ಕೈಕೈ ಹಿಡಿದ ಹಾಗೆ ಸೇರಿಕೊಂಡಿರುತ್ತವೆ. ಬಿಸಿಲು ಚೂರು ಚೂರಾಗಿ ನೀರಿಗೆ ಬೀಳುತ್ತದೆ. ಇಂಜಿನ್ ಶಬ್ದ ಕಮ್ಮಿಯಾದಾಗ ಬೇರುಗಳ ಸಂದಿನಲ್ಲಿ ಏಡಿ ಓಡಾಡುವುದು ಕಾಣುತ್ತದೆ. ಬೀಜ ಮರದ ಮೇಲೇ ಮೊಳೆತು ನುಗ್ಗೇಕಾಯಿ ಹಾಗೆ ಉದ್ದಕ್ಕೆ ತೂಗುತ್ತಿರುತ್ತದೆ, ಮಗನಿಗೆ ತೋರಿಸಿ. ಕೈ ನೀರಿಗೆ ಹಾಕಬೇಡಿ. ಉಪ್ಪುನೀರಿನ ಮೊಸಳೆಗಳು ಆ ಕಾಲುವೆಗಳಲ್ಲಿ ನಿಜವಾಗಿಯೂ ಇವೆ.

ಕಡಲು ಇಳಿತ ಇದ್ದಾಗ ಜೆಟ್ಟಿಯ ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತದೆ. ಅಮ್ಮನನ್ನು ಇಬ್ಬರು ಹಿಡಿದು ಇಳಿಸಿ. ಮಂಡಿ ನೋವಿನವರಿಗೆ ನಡಿಗೆಗಿಂತ ದೋಣಿ ಹತ್ತಿ ಇಳಿಯುವುದೇ ಕಷ್ಟ.


ಸಾಗರದ ಪಯಣಿಗ (ಜನವರಿ 4, ಮಧ್ಯಾಹ್ನ 1.30)

ಜಾರವಾ ಬಗ್ಗೆ ಕೇಳಿದಿರಲ್ಲ, ನಮಗಾದದ್ದನ್ನು ಹೇಳುತ್ತೇನೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು.

ನಾವು ಎಂಟು ಜನ ಟೆಂಪೋ ಟ್ರಾವೆಲರ್‌ನಲ್ಲಿ ಹೋಗಿದ್ದೆವು. ಕಾಡು ಶುರುವಾಗಿ ಅರ್ಧ ಗಂಟೆ ಆಗಿರಬಹುದು. ರಸ್ತೆ ಬದಿಯಲ್ಲಿ ಒಬ್ಬ ಹೆಂಗಸು, ಇಬ್ಬರು ಮಕ್ಕಳು ನಿಂತಿದ್ದರು. ನಮ್ಮ ಡ್ರೈವರ್ ಗಾಡಿ ನಿಧಾನ ಮಾಡಿದ. 'ನೋಡಿ ನೋಡಿ ಎಡಗಡೆ' ಅಂದ. ಗಾಡಿಯಲ್ಲಿದ್ದವರೆಲ್ಲ ಎಡಗಡೆಗೆ ವಾಲಿದರು. ಯಾರೋ ಬಿಸ್ಕತ್ತಿನ ಪೊಟ್ಟಣ ಹುಡುಕಿದರು. ಹಿಂದಿನ ಗಾಡಿ ಹಾರ್ನ್ ಹೊಡೆದದ್ದಕ್ಕೆ ನಮ್ಮದು ಮುಂದೆ ಹೋಯಿತು. ಎಲ್ಲ ಸೇರಿ ಅರ್ಧ ನಿಮಿಷ.

ಆ ಹೆಂಗಸು ನಮ್ಮನ್ನು ನೋಡಲಿಲ್ಲ. ಮಗುವಿನ ತಲೆಯ ಮೇಲೆ ಕೈಯಿಟ್ಟು ಹಾಗೇ ಕಾಡಿನ ಕಡೆ ಮುಖ ಮಾಡಿಕೊಂಡಳು. ಅದು ನನ್ನ ಕಣ್ಣಿನಿಂದ ಇವತ್ತಿಗೂ ಹೋಗಿಲ್ಲ. ನಾನೂ ಎಡಗಡೆಗೆ ವಾಲಿದವನೇ. ಆಮೇಲೆ ಗುಹೆ ನೋಡಿದೆ, ಜ್ವಾಲಾಮುಖಿ ನೋಡಿದೆ, ಏನೂ ಸರಿಯಾಗಿ ನೆನಪಿಲ್ಲ.


ದ್ವೀಪದಲ್ಲಿದ್ದವಳು (ಜನವರಿ 4, ರಾತ್ರಿ 9.05)

ಪಯಣಿಗರೇ, ಹೇಳಿದ್ದು ಒಳ್ಳೆಯದಾಯಿತು. ಇಂಥದ್ದನ್ನು ಯಾರೂ ಹೇಳಿಕೊಳ್ಳುವುದಿಲ್ಲ.

ಅಕ್ಕಾ, ನನಗೆ ಗೊತ್ತಿರುವುದು ಇಷ್ಟು. ಜಾರವಾ ಜನ ದಕ್ಷಿಣ ಮತ್ತು ಮಧ್ಯ ಅಂಡಮಾನ್‌ನ ಪಶ್ಚಿಮ ಭಾಗದ ಕಾಡಿನಲ್ಲಿ ಇರುತ್ತಾರೆ. ಬೇಟೆ, ಮೀನು, ಜೇನು, ಗೆಡ್ಡೆ ಇವೇ ಬದುಕು. 2011ರ ಜನಗಣತಿಯಲ್ಲಿ ಅವರು 380 ಮಂದಿ. ನಮ್ಮ ಒಂದು ಮದುವೆ ಮನೆಗೆ ಇದಕ್ಕಿಂತ ಜಾಸ್ತಿ ಜನ ಬರುತ್ತಾರೆ. ಅವರನ್ನು ಕಾಪಾಡಲೆಂದೇ 1956ರಲ್ಲಿ ಒಂದು ಕಾನೂನು ಬಂತು. ಹೊರಗಿನವರು ಅವರ ಮೀಸಲು ಪ್ರದೇಶಕ್ಕೆ ಕಾಲಿಡುವಂತಿಲ್ಲ.

ಆ ಕಾಡಿನ ನಡುವೆಯೇ ಅಂಡಮಾನ್ ಟ್ರಂಕ್ ರೋಡ್ ಹಾದು ಹೋಯಿತು. ಮೊದಲೆಲ್ಲ ಅವರು ಹೊರಗಿನವರು ಬಂದರೆ ಬಾಣ ಬಿಡುತ್ತಿದ್ದರು. 1996ರಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದ ಒಬ್ಬ ಜಾರವಾ ಹುಡುಗನನ್ನು ಪೋರ್ಟ್ ಬ್ಲೇರ್ ಆಸ್ಪತ್ರೆಗೆ ತಂದು ಕೆಲವು ತಿಂಗಳು ಚಿಕಿತ್ಸೆ ಕೊಟ್ಟು ಕಳಿಸಿದರು. ಮುಂದಿನ ವರ್ಷದಿಂದ ಅವರಾಗಿಯೇ ಕಾಡಿನಿಂದ ಹೊರಗೆ ಬರತೊಡಗಿದರು. 1999ರಲ್ಲಿ ಅವರಲ್ಲಿ ದಡಾರ ಹರಡಿತು. ನಮ್ಮ ಮೈಗೆ ಪರಿಚಯವಿರುವ ರೋಗಗಳು ಅವರ ಮೈಗೆ ಪರಿಚಯವಿಲ್ಲ. ಬಿಸ್ಕತ್ತು ಎಸೆಯುವವರು ಈ ಒಂದು ವಿಷಯ ತಿಳಿದುಕೊಂಡರೂ ಸಾಕಿತ್ತು.

2002ರಲ್ಲಿ ಸುಪ್ರೀಂ ಕೋರ್ಟು ಮೀಸಲು ಕಾಡಿನೊಳಗಿನ ರಸ್ತೆ ಮುಚ್ಚಲು ಆದೇಶ ಕೊಟ್ಟಿತು. ಮುಚ್ಚಲಿಲ್ಲ. 2012ರಲ್ಲಿ ಪ್ರವಾಸಿಗಳ ಮುಂದೆ ಜಾರವಾ ಹೆಣ್ಣುಮಕ್ಕಳನ್ನು ಕುಣಿಸಿದ ವಿಡಿಯೊ ಹೊರಬಂತು. ನಾನು ಆಗ ಅಲ್ಲೇ ಇದ್ದೆ. ನಮ್ಮ ಕ್ವಾರ್ಟರ್ಸಿನ ಹೆಂಗಸರೆಲ್ಲ ಸೇರಿ ಟಿವಿಯಲ್ಲಿ ಅದನ್ನು ನೋಡಿದೆವು. ಯಾರಿಗೂ ಮಾತಾಡಲು ಬಾಯಿ ಬರಲಿಲ್ಲ. 2013ರ ಜನವರಿಯಲ್ಲಿ ಕೋರ್ಟು ಕೆಲವು ವಾರ ಆ ರಸ್ತೆಯಲ್ಲಿ ಪ್ರವಾಸಿಗಳನ್ನೇ ನಿಲ್ಲಿಸಿತ್ತು. ಆಮೇಲೆ ಮತ್ತೆ ತೆರೆಯಿತು.

ಈಗಿನ ನಿಯಮ ಜಿರ್ಕಾಟಾಂಗ್‌ನಲ್ಲೇ ದೊಡ್ಡದಾಗಿ ಬರೆದು ಹಾಕಿದ್ದಾರೆ. ಗಾಡಿ ನಿಲ್ಲಿಸಬಾರದು, ಓವರ್‌ಟೇಕ್ ಇಲ್ಲ, ಫೋಟೊ ಇಲ್ಲ, ಏನೂ ಕೊಡಬಾರದು. ತಪ್ಪಿದರೆ ಜೈಲು.

ಆದರೆ 'ಅದೃಷ್ಟ ಇದ್ರೆ ಕಾಣಿಸ್ತಾರೆ' ಅನ್ನುವ ಮಾತಿಗೆ ಯಾವ ಬೋರ್ಡೂ ಇಲ್ಲ. ಅದನ್ನು ನಿಲ್ಲಿಸಬೇಕಾದವರು ಟಿಕೆಟ್ ಕೊಳ್ಳುವ ನಾವೇ. ಆ ಏಜೆಂಟ್‌ಗೆ ಬಾಯಿಬಿಟ್ಟು ಹೇಳಿ, ನಾವು ಗುಹೆ ನೋಡಲು ಬರುತ್ತಿದ್ದೇವೆ, ಜನರನ್ನು ನೋಡಲು ಅಲ್ಲ ಅಂತ.


ಮಾಯಾಬಂದರಿನ ಗೆಳೆಯ (ಜನವರಿ 5, ಬೆಳಿಗ್ಗೆ 7.20)

ಮೇಡಂ, ನೀವು ಹೇಳಿದ್ದೆಲ್ಲ ಸರಿ. ಒಂದು ಮಾತು ಮಾತ್ರ ಸೇರಿಸಬೇಕು. ನಾನು ಎರಡು ವರ್ಷ ಮಾಯಾಬಂದರಿನಲ್ಲಿ ಕೆಲಸ ಮಾಡಿದೆ. ಆ ರಸ್ತೆ ಮುಚ್ಚಬೇಕು ಅಂತ ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭ. ಉತ್ತರದ ಊರುಗಳಾದ ರಂಗತ್, ಮಾಯಾಬಂದರು, ಡಿಗ್ಲಿಪುರದವರಿಗೆ ಅದೇ ದಾರಿ. ಮಳೆಗಾಲದಲ್ಲಿ ಕಡಲು ಕೆಟ್ಟರೆ ಹಡಗು ಬರುವುದಿಲ್ಲ. ನಮ್ಮ ಪಕ್ಕದ ಮನೆಯ ಗರ್ಭಿಣಿಯನ್ನು ಪೋರ್ಟ್ ಬ್ಲೇರ್‌ನ ಜಿ.ಬಿ. ಪಂತ್ ಆಸ್ಪತ್ರೆಗೆ ಸಾಗಿಸಿದ್ದು ಅದೇ ರಸ್ತೆಯಲ್ಲಿ. ರಾತ್ರಿಯೆಲ್ಲ ಆಂಬುಲೆನ್ಸ್‌ನಲ್ಲಿ ನಾನೂ ಜೊತೆಗಿದ್ದೆ. ರಸ್ತೆ ಇರದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಅಲ್ಲಿಯ ಜನರನ್ನೂ ಸರಕಾರವೇ ಕರೆದುಕೊಂಡು ಹೋಗಿ ಕೂರಿಸಿದ್ದು, ಬಂಗಾಳದ ನಿರಾಶ್ರಿತರು, ರಾಂಚಿ ಕಡೆಯ ಕೂಲಿಯವರು. ಅವರ ಬದುಕನ್ನೂ ನೋಡಬೇಕಲ್ವಾ?


ದ್ವೀಪದಲ್ಲಿದ್ದವಳು (ಜನವರಿ 5, ಬೆಳಿಗ್ಗೆ 10.10)

ಖಂಡಿತ ನೋಡಬೇಕು. ನಿಮ್ಮ ಮಾತಿಗೆ ನನ್ನ ಎದುರು ಮಾತಿಲ್ಲ. ಆಂಬುಲೆನ್ಸ್ ಹೋಗಲಿ, ಅಕ್ಕಿ ಲಾರಿ ಹೋಗಲಿ, ಊರಿನವರ ಬಸ್ಸು ಹೋಗಲಿ. ಆದರೆ 6 ಗಂಟೆಯ ಸಾಲಿನಲ್ಲಿ ನಿಂತು ಎಣಿಸಿ ನೋಡಿ. ಬಹುಪಾಲು ನಮ್ಮಂಥವರ ಟ್ಯಾಕ್ಸಿ, ಟೆಂಪೋ. ಊರಿನವರ ಅಗತ್ಯವನ್ನು ಮುಂದೆ ಮಾಡಿ ನಮ್ಮ ಮೋಜನ್ನು ಅದರ ಹಿಂದೆ ಸಾಗಿಸುತ್ತಿದ್ದೇವಲ್ಲ, ಅದು ನನಗೆ ಸಂಕಟ. ನಾನೇ ಹತ್ತು ಸಲ ಹೋಗಿದ್ದೇನೆ. ನೆಂಟರನ್ನು ಕರೆದುಕೊಂಡು ಹೋಗಿದ್ದೇನೆ. ಕೊನೆಯ ಎರಡು ವರ್ಷ ಹೋಗಲಿಲ್ಲ. ಬಂದವರನ್ನು ವಂಡೂರು, ಚಿಡಿಯಾ ಟಾಪು ಕಡಲತೀರಗಳ ಕಡೆಗೆ ಕರೆದೊಯ್ದೆ.

ಕಡಲ ಮಾರ್ಗವಾಗಿಯೂ ಬಾರಾಟಾಂಗ್‌ಗೆ ದೋಣಿ ಬಿಟ್ಟಿದ್ದಾರೆ. ಆ ದಾರಿಯಲ್ಲಿ ಮೀಸಲು ಕಾಡಿನೊಳಗೆ ಹೋಗುವ ಮಾತೇ ಇಲ್ಲ. ಕಡಲು, ಋತು, ಸೀಟು ನೋಡಿಕೊಂಡು ನಡೆಯುತ್ತದೆ. ಪೋರ್ಟ್ ಬ್ಲೇರ್‌ನ ಫೀನಿಕ್ಸ್ ಬೇ ಜೆಟ್ಟಿಯಲ್ಲಿ ಕೇಳಿ. ಅದು ಸಿಕ್ಕಿದರೆ ಅದರಲ್ಲೇ ಹೋಗಿ ಅನ್ನುವುದು ನನ್ನ ಸಲಹೆ.


ಮಾಯಾಬಂದರಿನ ಗೆಳೆಯ (ಜನವರಿ 5, ಬೆಳಿಗ್ಗೆ 10.45)

ಈ ಮಾತು ಒಪ್ಪಿದೆ ಮೇಡಂ.

ಅಕ್ಕಾ, ಹೋಗುವುದಾದರೆ ಒಂದು ರಾತ್ರಿ ಬಾರಾಟಾಂಗ್‌ನಲ್ಲೇ ಉಳಿಯಲು ಸಾಧ್ಯವಾ ನೋಡಿ. ಒಂದೇ ದಿನದ ಟ್ರಿಪ್ಪಿನಲ್ಲಿ ಸಿಗದ ಒಂದು ನೋಟ ಅಲ್ಲಿದೆ, ಪ್ಯಾರಟ್ ಐಲ್ಯಾಂಡ್. ಜನರಿಲ್ಲದ ಪುಟ್ಟ ಕಾಂಡ್ಲಾ ದ್ವೀಪ. ಸಂಜೆ ಹೊತ್ತು ದೋಣಿ ನಿಲ್ಲಿಸಿ ಇಂಜಿನ್ ಆರಿಸುತ್ತಾರೆ. ಮೊದಲು ಎರಡು ಗಿಳಿ, ಆಮೇಲೆ ಹತ್ತು, ಆಮೇಲೆ ಎಣಿಸಲು ಆಗುವುದಿಲ್ಲ. ನಾಲ್ಕೂ ದಿಕ್ಕಿನಿಂದ ಬಂದು ಆ ಒಂದೇ ದ್ವೀಪದ ಮೇಲೆ ಇಳಿಯುತ್ತವೆ. ಕತ್ತಲಾಗುವವರೆಗೂ ಗಲಾಟೆ, ಆಮೇಲೆ ಒಮ್ಮೆಲೇ ನಿಶ್ಶಬ್ದ. ನಾನು ಮೂರು ಸಲ ನೋಡಿದೆ.


ಜಯನಗರದ ಅಕ್ಕ (ಜನವರಿ 5, ರಾತ್ರಿ 8.30)

ಎಲ್ಲರ ಬರಹವನ್ನೂ ಅಮ್ಮನಿಗೆ ಓದಿ ಹೇಳಿದೆ. ಪಯಣಿಗರು ಬರೆದದ್ದನ್ನು ಕೇಳಿ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ನಮ್ಮೂರಲ್ಲಿ ಪಕ್ಕದ ಮನೆ ಹಿತ್ತಿಲಲ್ಲಿ ಹಾದು ಬಾವಿಗೆ ಹೋಗ್ತಿದ್ವಿ. ಹೆಂಗಸರು ಸ್ನಾನಕ್ಕೆ ಹೋಗೋ ಹೊತ್ತು ಅಂದ್ರೆ ಆ ಕಡೆ ಕಾಲಿಡ್ತಿರಲಿಲ್ಲ' ಅಂದರು.

ಒಂದು ಸಂದೇಹ. ಕೆಸರಿನ ಜ್ವಾಲಾಮುಖಿ ಅಷ್ಟು ನೋಡುವಂಥದ್ದಾ? ಮಗ ಬೆಂಕಿ ಕಾರುತ್ತದೆ ಅಂದುಕೊಂಡಿದ್ದಾನೆ.


ಕಲ್ಲು ಮೇಷ್ಟ್ರು (ಜನವರಿ 6, ಬೆಳಿಗ್ಗೆ 6.00)

ಅವನಿಗೆ ಮೊದಲೇ ಹೇಳಿಬಿಡಿ, ಬೆಂಕಿ ಇಲ್ಲ. ಬೆಂಕಿಯದು ಬೇರೆ, ಬ್ಯಾರನ್ ದ್ವೀಪ. ಪೋರ್ಟ್ ಬ್ಲೇರ್‌ನಿಂದ ಈಶಾನ್ಯಕ್ಕೆ ನೂರಕ್ಕೂ ಜಾಸ್ತಿ ಕಿ.ಮೀ. ಕಡಲಿನಲ್ಲಿದೆ. ನಮ್ಮ ದೇಶದ ಒಂದೇ ಜೀವಂತ ಜ್ವಾಲಾಮುಖಿ. ಬಹಳ ಕಾಲ ತಣ್ಣಗಿದ್ದು 1991ರಲ್ಲಿ ಮತ್ತೆ ಎದ್ದಿತು.

ಬಾರಾಟಾಂಗ್‌ನದ್ದು ತಣ್ಣನೆಯ ಕೆಸರು. ಅಲ್ಲಿಯವರು ಜಲ್ಕಿ ಅನ್ನುತ್ತಾರೆ. ಭೂಮಿಯ ಆಳದಲ್ಲಿ ಹೂತುಹೋದ ಗಿಡಮರ, ಜೀವಿಗಳಿಂದ ಹುಟ್ಟಿದ ಅನಿಲ ಮೇಲಕ್ಕೆ ಬರುವಾಗ ನೀರು, ಮಣ್ಣನ್ನೂ ಎಳೆದು ತರುತ್ತದೆ. ನೀಲಾಂಬೂರ್ ಜೆಟ್ಟಿಯಿಂದ ಜೀಪಿನಲ್ಲಿ ಹೋಗಬೇಕು. ಆಮೇಲೆ ಮೆಟ್ಟಿಲು. ಅಮ್ಮ ಕೆಳಗೇ ಕೂರಲಿ.

ಮೇಲೆ ಬೇಲಿ ಹಾಕಿದ ಬೂದು ಬಣ್ಣದ ಬಯಲು. ಅಲ್ಲಲ್ಲಿ ರಾಗಿ ಮುದ್ದೆಯಷ್ಟೆತ್ತರದ ಕೆಸರಿನ ಗುಪ್ಪೆ. ತುಂಬಾ ಜನ ಇಷ್ಟೇನಾ ಅಂತ ತಿರುಗಿ ಹೋಗುತ್ತಾರೆ. ಐದು ನಿಮಿಷ ಕೂತು ಒಂದೇ ಗುಪ್ಪೆಯನ್ನು ನೋಡಿ. ಗಂಜಿ ಕುದಿಯುವ ಹಾಗೆ ಒಂದು ಗುಳ್ಳೆ ನಿಧಾನವಾಗಿ ಉಬ್ಬುತ್ತದೆ, ಮೇಲೆ ಎಣ್ಣೆಯ ಹೊಳಪು ಬರುತ್ತದೆ, ಗುಳಕ್ ಅಂತ ಒಡೆಯುತ್ತದೆ. ಕೆಸರು ಒಂದು ಬೆರಳಗಲ ಕೆಳಗೆ ಜಾರಿ ನಿಲ್ಲುತ್ತದೆ. ಮತ್ತೆ ಮೊದಲಿನಿಂದ. 2004ರ ಡಿಸೆಂಬರ್‌ನ ಭೂಕಂಪದ ಬೆನ್ನಲ್ಲೇ ಇದೇ ಜಾಗ ಜೋರಾಗಿ ಉಕ್ಕಿತ್ತು. ಸುನಾಮಿ ತಂದ ಆ ಕಂಪ ಇಲ್ಲಿಯ ಕೆಸರನ್ನೂ ಅಲ್ಲಾಡಿಸಿತು. ಸಣ್ಣ ಗುಳ್ಳೆ ಅಂತ ತಾತ್ಸಾರ ಮಾಡಬೇಡಿ.


ಹೊನ್ನಾವರದ ಹುಡುಗ (ಜನವರಿ 6, ಬೆಳಿಗ್ಗೆ 9.15)

ಬುಕ್ ಮಾಡುವ ಮುಂಚೆ ಮೂರು ವಿಷಯ ಕೇಳಿಕೊಳ್ಳಿ. ದೋಣಿ ಮತ್ತು ಜೀಪಿನ ದುಡ್ಡು ಪ್ಯಾಕೇಜಿನಲ್ಲಿ ಸೇರಿದೆಯಾ? ನಮ್ಮಿಂದ ಅಲ್ಲಿ ಹೋದ ಮೇಲೆ ಬೇರೆ ತೆಗೆದುಕೊಂಡರು. ಹೋಗುವ ದಿನ ಸೋಮವಾರನಾ? ಸೋಮವಾರ ಗುಹೆಗೆ ರಜೆ. ವಾಪಸ್ ಬರುವ ಕೊನೆಯ ಕಾನ್ವಾಯ್ ಎಷ್ಟು ಹೊತ್ತಿಗೆ? ಅದು ತಪ್ಪಿದರೆ ರಾತ್ರಿ ಅಲ್ಲೇ. ಮೊಬೈಲ್ ಸಿಗ್ನಲ್ ನಂಬಬೇಡಿ, ಕೈಯಲ್ಲಿ ನಗದು ಇರಲಿ. ಅಲ್ಲಿ ಬೆಂಗಳೂರಿಗಿಂತ ಸುಮಾರು ಒಂದು ಗಂಟೆ ಮೊದಲೇ ಬೆಳಗಾಗುತ್ತದೆ, ಜನವರಿಯಲ್ಲಿ ಸಂಜೆ 5.30ಕ್ಕೆಲ್ಲ ಕತ್ತಲೆ. ಮಧ್ಯಾಹ್ನ ಊಟ ಮಾಡಿ ಅಡ್ಡಾದರೆ ದಿನ ಮುಗಿದಂತೆ.


ಜಯನಗರದ ಅಕ್ಕ (ಫೆಬ್ರುವರಿ 2, ರಾತ್ರಿ 9.20)

ಹೋಗಿ ಬಂದೆವು. ವಿವರವಾಗಿ ಬರೆಯುತ್ತೇನೆ ಅಂದಿದ್ದೆ, ಬರೆಯುತ್ತಿದ್ದೇನೆ.

ಕಡಲ ದಾರಿಗೆ ಮೊದಲು ಪ್ರಯತ್ನಪಟ್ಟೆವು. ನಾವಿದ್ದ ದಿನಗಳಲ್ಲಿ ಸೀಟು ಸಿಗಲಿಲ್ಲ. ಹೋಗುವುದೋ ಬೇಡವೋ ಅಂತ ಒಂದು ಸಂಜೆಯೆಲ್ಲ ಮಾತಾಡಿದೆವು. ಯಜಮಾನರು ಬೇಡ ಅಂದರು. ಮಗನಿಗೆ ಗುಹೆ ನೋಡಲೇಬೇಕಿತ್ತು. ಕೊನೆಗೆ ರಸ್ತೆಯಲ್ಲೇ ಹೋದೆವು. ಸರಿ ಮಾಡಿದೆವಾ ಅಂತ ನನಗೆ ಈಗಲೂ ಪೂರ್ತಿ ಖಾತ್ರಿ ಇಲ್ಲ.

ಹಿಂದಿನ ರಾತ್ರಿಯೇ ಡ್ರೈವರ್ ಹತ್ತಿರ ಮಾತಾಡಿದೆ. ಕಾಡಿನಲ್ಲಿ ಯಾರನ್ನೂ ತೋರಿಸಬೇಡಿ, ನಿಧಾನ ಮಾಡಬೇಡಿ ಅಂದೆ. ಅವರು ತಮಿಳು ಮನೆಮಾತಿನವರು, ಹುಟ್ಟಿದ್ದು ಅಲ್ಲೇ. 'ಅಮ್ಮಾ, ಇದನ್ನ ಗಿರಾಕಿಗಳೇ ಹೇಳಿದ್ರೆ ನಮಗೆ ಎಷ್ಟೋ ನೆಮ್ಮದಿ. ತೋರಿಸು ತೋರಿಸು ಅಂತ ಪ್ರಾಣ ತಿಂತಾರೆ' ಅಂದರು. ಜಿರ್ಕಾಟಾಂಗ್‌ನಲ್ಲಿ ನಾಲ್ಕೂ ಫೋನು ಆರಿಸಿ ಅಮ್ಮನ ಕೈಚೀಲಕ್ಕೆ ಹಾಕಿದೆವು. ಅಮ್ಮ ಸೆರಗು ಹೊದ್ದು ಕಣ್ಣು ಮುಚ್ಚಿಕೊಂಡರು. ಮಗ ನನ್ನ ತೊಡೆಯ ಮೇಲೆ ಮಲಗಿದ. ನಾನು ಎದುರಿನ ಗಾಡಿಯ ಹಿಂಬದಿ ದೀಪ, ಅದರಾಚೆ ಮರಗಳನ್ನಷ್ಟೇ ನೋಡುತ್ತಾ ಕೂತೆ. ಎಷ್ಟೆತ್ತರದ ಮರಗಳು! ಡ್ರೈವರ್ ಕೆಲವನ್ನು ಪಡಾಕ್ ಅಂದರು. ಇಲ್ಲಿಗೆ ಬಂದು ತಿಳಿದುಕೊಂಡೆ, ನಮ್ಮ ಹೊನ್ನೆ ಮರದ ಕುಲದ್ದೇ. ಹೋಗುವಾಗ, ಬರುವಾಗ ರಸ್ತೆ ಬದಿ ಯಾರಾದರೂ ಇದ್ದರೋ ಇಲ್ಲವೋ ನಮಗೆ ಗೊತ್ತಿಲ್ಲ.

ಜೆಟ್ಟಿಯ ಮೆಟ್ಟಿಲು ನಿಜವಾಗಿಯೂ ಜಾರುತ್ತಿತ್ತು. ಹೊನ್ನಾವರದ ತಮ್ಮ, ನಿನ್ನ ಮಾತು ನೆನೆಸಿಕೊಂಡೇ ಅಮ್ಮನನ್ನು ಇಬ್ಬರು ಹಿಡಿದು ಇಳಿಸಿದೆವು. ನಡಿಗೆಗೆ ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಗದ್ದೆ ಬದುವಿನ ಹತ್ತಿರ ಒಬ್ಬ ಅಜ್ಜಿ ನಿಂಬೆ ಶರಬತ್ತು ಮಾರುತ್ತಿದ್ದರು. ಅಮ್ಮ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. ಇಬ್ಬರಿಗೂ ಬರುವುದು ಅಷ್ಟಿಷ್ಟು ಹಿಂದಿ. ಅಜ್ಜಿಯ ಮಾವನ ಕಾಲದಲ್ಲಿ ರಾಂಚಿ ಕಡೆಯಿಂದ ಮರ ಕಡಿಯುವ ಕೆಲಸಕ್ಕೆ ಬಂದವರಂತೆ. ಅವರಿಗೂ ಮಂಡಿ ನೋವು. ಯಾವ ಎಣ್ಣೆ ಹಚ್ಚುತ್ತೀರಿ ಅಂತ ಇಬ್ಬರೂ ಕೇಳಿಕೊಂಡರು. ನಾವು ಗುಹೆ ನೋಡಿ ಬರುವಷ್ಟರಲ್ಲಿ ಅಮ್ಮ ಅಲ್ಲಿ ನಿಂಬೆಹಣ್ಣು ಹೆಚ್ಚಿಕೊಡುತ್ತಾ ಕೂತಿದ್ದರು.

ಗುಹೆಯಲ್ಲಿ ಗೈಡ್ ಹುಡುಗನನ್ನು ನಿಲ್ಲಿಸಿ ಹನಿ ತೋರಿಸು ಅಂದೆ. ಅವನಿಗೆ ಆಶ್ಚರ್ಯವಾಯಿತು. ಆಮೇಲೆ ಅವನೇ ಉತ್ಸಾಹದಿಂದ ಮೂರು ನಾಲ್ಕು ಕಡೆ ಹುಡುಕಿ ತೋರಿಸಿದ. ಮಗ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಹನಿ ಬೀಳುವವರೆಗೂ ಮಾತಾಡಲಿಲ್ಲ. ಜ್ವಾಲಾಮುಖಿಯ ಹತ್ತಿರವೂ ಹಾಗೇ ಕೂತು ಗುಳ್ಳೆ ಎಣಿಸಿದ, 14.

ಮಾರನೆಯ ದಿನ ವಂಡೂರಿನಿಂದ ಜಾಲಿ ಬಾಯ್ ದ್ವೀಪಕ್ಕೆ ಹೋದೆವು. ಅದನ್ನೂ ಹೇಳಬೇಕು. ಪ್ಲಾಸ್ಟಿಕ್ ಒಂದು ಚೂರೂ ಬಿಡುವುದಿಲ್ಲ, ಚೀಲ ಬಿಚ್ಚಿಸಿ ನೋಡುತ್ತಾರೆ. ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಅಮ್ಮ ಹವಳ ನೋಡಿದರು. ಮಂಡಿ ನೋವಿನವರಿಗೆ ಇದು ಎಷ್ಟೋ ಸುಲಭ. ಹವಳ ಕೆಲವು ಕಡೆ ಬೆಳ್ಳಗೆ ಸತ್ತಿತ್ತು. ಬಣ್ಣ ಇರುವ ಕಡೆ ಮೀನುಗಳ ಗುಂಪು. ವಯಸ್ಸಾದವರ ಜೊತೆ ಹೋಗುವವರು ಒಂದನ್ನೇ ಆರಿಸಿಕೊಳ್ಳಬೇಕಾದರೆ ನಾನು ಇದನ್ನೇ ಹೇಳುವುದು. ಅಲ್ಲಿಗೆ ಯಾರ ಕಾಡನ್ನೂ ದಾಟಿ ಹೋಗಬೇಕಿಲ್ಲ.


ಸಾಗರದ ಪಯಣಿಗ (ಫೆಬ್ರುವರಿ 2, ರಾತ್ರಿ 10.00)

ಅಕ್ಕಾ, ಓದಿದೆ. ಡ್ರೈವರ್ ಹೇಳಿದ ಮಾತು ಓದಿ ಕಣ್ಣು ತುಂಬಿತು. ನಾವು ಎಂಟು ಜನರಲ್ಲಿ ಒಬ್ಬರಾದರೂ ಹಾಗೆ ಹೇಳಬೇಕಿತ್ತು.


ಜಯನಗರದ ಅಕ್ಕ (ಫೆಬ್ರುವರಿ 3, ಬೆಳಿಗ್ಗೆ 7.05)

ಪಯಣಿಗರೇ, ನೀವು ಬರೆದಿರದಿದ್ದರೆ ನಾನೂ ಹೇಳುತ್ತಿರಲಿಲ್ಲ.

ಮೇಷ್ಟ್ರೇ, ನಿಮಗೊಂದು ಕೆಲಸ. ಮಗ ನಿನ್ನೆ ಹಂಡೆಯ ತಳದ ಬಿಳಿ ಪದರ ಕೆರೆದು ಕಾಗದದಲ್ಲಿ ಪೊಟ್ಟಣ ಕಟ್ಟಿಟ್ಟಿದ್ದಾನೆ. ಗುಹೆಯ ಕಲ್ಲೂ ಇದೂ ಒಂದೇನಾ ಅಂತ ನಿಮ್ಮನ್ನೇ ಕೇಳಬೇಕಂತೆ.


ಕಲ್ಲು ಮೇಷ್ಟ್ರು (ಫೆಬ್ರುವರಿ 3, ಬೆಳಿಗ್ಗೆ 7.30)

ಭೇಷ್! ಆ ಪುಡಿಯನ್ನು ಗಾಜಿನ ಲೋಟಕ್ಕೆ ಹಾಕಿ ಮೇಲೆ ಎರಡು ಚಮಚ ನಿಂಬೆರಸ ಬಿಡಲಿ. ಸಣ್ಣ ಗುಳ್ಳೆ ಏಳುತ್ತವೆ. ಕಿವಿ ಹತ್ತಿರ ಇಟ್ಟರೆ ಸುಯ್ ಅನ್ನುವುದೂ ಕೇಳಿಸುತ್ತದೆ. ಎಷ್ಟು ಹೊತ್ತು ನೊರೆ ಬಂತು ಅಂತ ಬರೆದಿಟ್ಟುಕೊಂಡು ನನಗೆ ತಿಳಿಸಲು ಹೇಳಿ, ಕಾಯುತ್ತಿರುತ್ತೇನೆ.